ಕಂಬ ಹತ್ತುವವರು ಯಾರು? ಹಳ್ಳಿಗೆ ಸಂಪರ್ಕ ತಂತ್ರಜ್ಞಾನ ಆರಿಸುವ ಬಗೆ

ಶಾಲೆಯ ಚಾವಣಿಯ ಮೇಲೆ ಡಿಶ್ ಆಂಟೆನಾ ತುಕ್ಕು ಹಿಡಿದು ನಿಂತಿದೆ. ಕೆಳಗೆ ಕಂಪ್ಯೂಟರ್ ಕೋಣೆಗೆ ಬೀಗ. ಕೀಲಿಕೈ ವರ್ಗವಾದ ಮೇಷ್ಟರ ಜೊತೆಗೇ ಊರು ಬಿಟ್ಟಿದೆ. ಅಭಿವೃದ್ಧಿಶೀಲ ದೇಶಗಳ ಹಳ್ಳಿಗಳನ್ನು ಸುತ್ತಿದವರಿಗೆ ಈ ನೋಟ ಹೊಸದಲ್ಲ. ಆಂಟೆನಾ ಕೊಂಡವರು ವೇಗವೆಷ್ಟು, ದೂರವೆಷ್ಟು, ಬೆಲೆಯೆಷ್ಟು ಎಂದೆಲ್ಲ ವಿಚಾರಿಸಿರುತ್ತಾರೆ. ಮಳೆಗಾಲದ ಒಂದು ಸಂಜೆ ಸಂಪರ್ಕ ಕಡಿದಾಗ ಕಂಬ ಹತ್ತುವವರು ಯಾರು ಎಂದು ಮಾತ್ರ ವಿಚಾರಿಸಿರುವುದಿಲ್ಲ.

ಹಳ್ಳಿಗಳ ಗುಂಪೊಂದಕ್ಕೆ ಸಂಪರ್ಕ ಕಲ್ಪಿಸಲು ಹೊರಟ ಸಂಘ, ಸಹಕಾರಿ, ಶಾಲೆ, ಆಸ್ಪತ್ರೆ ಅಥವಾ ಸ್ಥಳೀಯ ಆಡಳಿತದವರಿಗಾಗಿ ಈ ಬರಹ. ಯಂತ್ರಗಳ ಹೆಸರು ಬರುವುದು ಮೂರನೆಯ ಹೆಜ್ಜೆಯಲ್ಲಿ. ಆತುರವಿದ್ದವರು ನೇರ ಅಲ್ಲಿಗೇ ಜಿಗಿಯಬಹುದು. ಆದರೆ ಆ ತುಕ್ಕು ಹಿಡಿದ ಡಿಶ್ ಕೂಡ ಹಾಗೆ ಜಿಗಿದವರೇ ಕೊಂಡದ್ದು.

ಹೆಜ್ಜೆ 1: ಯಾರು ಯಾರೊಂದಿಗೆ ಮಾತನಾಡಬೇಕು?

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಯಾರು, ಯಾರಿಗೆ, ಏನನ್ನು, ಎಷ್ಟು ಬೇಗ ಮುಟ್ಟಿಸಬೇಕು ಎಂಬ ನಾಲ್ಕು ಕಂಬಸಾಲು ಎಳೆಯಿರಿ. ಊರಿನವರನ್ನು ಕೂರಿಸಿಕೊಂಡೇ ತುಂಬಿಸಿ. "ನಿಮಗೆ ಇಂಟರ್‌ನೆಟ್ ಬೇಕೇ?" ಎಂದು ಕೇಳಬೇಡಿ, ಬೇಡ ಎನ್ನುವವರು ಯಾರೂ ಇಲ್ಲ. "ಕಳೆದ ತಿಂಗಳು ಯಾವ ಸುದ್ದಿ ತಡವಾಗಿ ತಿಳಿದು ನಷ್ಟವಾಯಿತು?" ಎಂದು ಕೇಳಿ.

ಉತ್ತರಗಳು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ನಡುರಾತ್ರಿ ಹೆರಿಗೆ ನೋವು ಶುರುವಾದರೆ ಆರೋಗ್ಯ ಕಾರ್ಯಕರ್ತೆಗೆ ಬೇಕಾದದ್ದು ಧ್ವನಿ, ಅದೂ ಆ ಕ್ಷಣದಲ್ಲೇ. ಬೆಳೆಗಾರನಿಗೆ ಮಾರುಕಟ್ಟೆ ಧಾರಣೆ ದಿನಕ್ಕೊಮ್ಮೆ ಒಂದು ಸಾಲಿನಲ್ಲಿ ಸಿಕ್ಕರೆ ಸಾಕು. ಶಾಲೆಯ ವಿಡಿಯೊ ಪಾಠ ಗಾತ್ರದಲ್ಲಿ ದೊಡ್ಡದು, ಆದರೆ ನಾಳೆ ಬಂದರೂ ನಡೆಯುತ್ತದೆ. ಊರು ಬಿಟ್ಟು ದುಡಿಯಲು ಹೋದವರ ಮನೆಯವರಿಗೆ ಮುಖ ನೋಡಿ ಮಾತನಾಡುವ ಆಸೆ. ನಾಲ್ಕಕ್ಕೂ ಒಂದೇ ಯಂತ್ರ ಕೊಳ್ಳಲು ಹೊರಟರೆ ಎಲ್ಲಕ್ಕಿಂತ ದುಬಾರಿಯಾದುದನ್ನೇ ಕೊಳ್ಳಬೇಕಾಗುತ್ತದೆ.

ಹೆಂಗಸರನ್ನು ಪ್ರತ್ಯೇಕವಾಗಿ ಕೂರಿಸಿ ಕೇಳಿ. ಮನೆಯಲ್ಲಿ ಫೋನ್ ಇದೆ ಎನ್ನುವುದಕ್ಕೂ ಅದು ಹಗಲಿನಲ್ಲಿ ಯಾರ ಜೇಬಿನಲ್ಲಿದೆ ಎನ್ನುವುದಕ್ಕೂ ಬಹಳ ಅಂತರವಿದೆ. ಓದಲು ಬಾರದವರು ಎಷ್ಟು ಮಂದಿ, ಮನೆಮಾತು ಯಾವುದು, ಅದಕ್ಕೆ ಲಿಪಿ ಇದೆಯೇ ಎಂಬುದನ್ನೂ ಅದೇ ಹಾಳೆಯ ಅಂಚಿನಲ್ಲಿ ಗುರುತಿಸಿಕೊಳ್ಳಿ. ಮುಂದೆ ಅರ್ಧದಷ್ಟು ನಿರ್ಧಾರಗಳನ್ನು ಈ ಅಂಚಿನ ಟಿಪ್ಪಣಿಗಳೇ ಮಾಡುತ್ತವೆ.

ಹೆಜ್ಜೆ 2: ಈಗ ಇರುವುದನ್ನು ಕಾಲ್ನಡಿಗೆಯಲ್ಲಿ ಅಳೆಯಿರಿ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 260 ಕೋಟಿ ಜನ ಇಂಟರ್‌ನೆಟ್‌ನಿಂದ ಹೊರಗಿದ್ದರು. ಇವರಲ್ಲಿ ಹೆಚ್ಚಿನವರು ಸಿಗ್ನಲ್ ಇಲ್ಲದ ಕಡೆ ಇರುವವರಲ್ಲ. ಸಿಗ್ನಲ್ ತಲೆಯ ಮೇಲೆಯೇ ಇದೆ. ಫೋನ್ ದುಬಾರಿ, ಡೇಟಾ ದುಬಾರಿ, ತಮ್ಮ ಭಾಷೆಯಲ್ಲಿ ನೋಡುವಂಥದ್ದು ಏನೂ ಇಲ್ಲ, ಅಥವಾ ಬಳಸಲು ಬರುವುದಿಲ್ಲ. ನಿಮ್ಮ ಹಳ್ಳಿಯೂ ಈ ಗುಂಪಿನದಾಗಿದ್ದರೆ ಹೊಸ ಕಂಬ ನೆಡುವುದು ದಂಡ. ಆ ಹಣದಲ್ಲಿ ತರಬೇತಿ ಕೊಡಿ, ಸಾಲದ ಮೇಲೆ ಫೋನ್ ಕೊಡಿಸಿ.

ಒಂದು ಅಳತೆಗೋಲು ಕೈಯಲ್ಲಿರಲಿ. ಆರಂಭಿಕ ಹಂತದ ಬ್ರಾಡ್‌ಬ್ಯಾಂಡ್ ವೆಚ್ಚ ತಿಂಗಳ ತಲಾ ರಾಷ್ಟ್ರೀಯ ಆದಾಯದ 2 ಶೇಕಡಾ ಮೀರಬಾರದೆಂಬುದು ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ಇಟ್ಟುಕೊಂಡ ಗುರಿ. ಅದು ದೇಶದ ಸರಾಸರಿ. ಹಳ್ಳಿಯ ಆದಾಯ ಅದಕ್ಕಿಂತ ಕೆಳಗಿರುವುದೇ ಹೆಚ್ಚು, ಆದ್ದರಿಂದ ಲೆಕ್ಕವನ್ನು ನಿಮ್ಮ ಊರಿನ ಆದಾಯದ ಮೇಲೆ ಹಾಕಿ.

ಕಂಪನಿಗಳ ವ್ಯಾಪ್ತಿ ನಕ್ಷೆಗಳನ್ನು ಪೂರ್ತಿ ನಂಬಬೇಡಿ. ಅವು ಬಹುಮಟ್ಟಿಗೆ ಕಂಪ್ಯೂಟರ್ ಲೆಕ್ಕದಿಂದ ಬರೆದವು. ಗುಡ್ಡದ ಮರೆಯ ಕೇರಿ, ತಗಡಿನ ಸೂರಿನ ಒಳಕೋಣೆ ಅವುಗಳಿಗೆ ಕಾಣುವುದಿಲ್ಲ. ಬೇರೆ ಬೇರೆ ಕಂಪನಿಗಳ ಸಿಮ್ ಹಾಕಿದ ಎರಡು ಮೂರು ಫೋನ್ ಹಿಡಿದು ಊರಿಡೀ ನಡೆಯಿರಿ. ಬೆಳಿಗ್ಗೆ ಒಮ್ಮೆ, ಎಲ್ಲರೂ ಫೋನ್ ಹಿಡಿದು ಕೂರುವ ಸಂಜೆ ಒಮ್ಮೆ. ಸಿಗ್ನಲ್ ಸಿಗುವ ದಿಬ್ಬ ಯಾವುದೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಹತ್ತಿರದ ಆಪ್ಟಿಕಲ್ ಫೈಬರ್ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನೂ ಪತ್ತೆ ಮಾಡಿ. ರೈಲು ಹಳಿ, ವಿದ್ಯುತ್ ಗೋಪುರ, ಹೆದ್ದಾರಿಯ ಗುಂಟ ಅದು ಹಾದು ಹೋಗಿರುವುದುಂಟು.

ಹೆಜ್ಜೆ 3: ಕೆಲಸಕ್ಕೆ ತಕ್ಕ ಸಾಧನ

ಮೊದಲು ಬಡಪಾಯಿ ಸಾಧನಗಳಿಂದ ಶುರು ಮಾಡೋಣ, ಏಕೆಂದರೆ ಯೋಜನಾ ವರದಿಗಳಲ್ಲಿ ಇವುಗಳಿಗೆ ಜಾಗ ಸಿಗುವುದಿಲ್ಲ.

ಒಂದೇ ಸುದ್ದಿ ಎಲ್ಲರಿಗೂ ಮುಟ್ಟಬೇಕಿದ್ದರೆ ಎಫ್‌ಎಂ ಸಮುದಾಯ ರೇಡಿಯೊವನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಕೇಳುಗನಿಗೆ ಅಕ್ಷರ ಬೇಡ, ಡೇಟಾ ಬೇಡ, ಕೈಕೆಲಸ ನಿಲ್ಲಿಸಬೇಕಾಗಿಯೂ ಇಲ್ಲ. ನೇಪಾಳದಲ್ಲಿ 1997ರಲ್ಲಿ ಶುರುವಾದ ರೇಡಿಯೊ ಸಾಗರಮಾಥಾ ದಕ್ಷಿಣ ಏಷ್ಯಾದಲ್ಲಿ ಈ ಹಾದಿ ತೆರೆಯಿತು. ಕೊರತೆಯೊಂದೇ: ಕೇಳುಗ ಮರುಮಾತು ಆಡಲಾರ. ಅದಕ್ಕೆ ಫೋನನ್ನು ಜೊತೆಗೂಡಿಸಬಹುದು. ಛತ್ತೀಸಗಢದಲ್ಲಿ 2010ರಲ್ಲಿ ಆರಂಭವಾದ ಸಿಜಿನೆಟ್ ಸ್ವರ ಮಾಡಿದ್ದು ಫೋನಿನ ಮೇಲೆಯೇ ನಿಂತ ಕೆಲಸ. ಆದಿವಾಸಿಗಳು ಸಾದಾ ಫೋನಿನಿಂದ ಮಿಸ್ಡ್ ಕಾಲ್ ಕೊಡುತ್ತಾರೆ, ಯಂತ್ರ ತಿರುಗಿ ಕರೆ ಮಾಡುತ್ತದೆ, ಅವರು ಗೊಂಡಿಯಲ್ಲೋ ಹಿಂದಿಯಲ್ಲೋ ತಮ್ಮ ಸುದ್ದಿಯನ್ನು ದಾಖಲಿಸುತ್ತಾರೆ, ಉಳಿದವರು ಅದೇ ಬಗೆಯಲ್ಲಿ ಕರೆ ಮಾಡಿ ಕೇಳುತ್ತಾರೆ. ಸ್ಮಾರ್ಟ್‌ಫೋನ್ ಬೇಕಿಲ್ಲ, ಓದುವುದೂ ಬೇಕಿಲ್ಲ.

ಎಚ್ಚರಿಕೆಯ ಸುದ್ದಿಗೆ ಬಾಂಗ್ಲಾದೇಶದ ಚಂಡಮಾರುತ ಸನ್ನದ್ಧತೆ ಕಾರ್ಯಕ್ರಮವನ್ನು ನೋಡಿ. ಕೇಂದ್ರದಿಂದ ಕರಾವಳಿಯವರೆಗೆ ರೇಡಿಯೊ ಸಂದೇಶ. ಅಲ್ಲಿಂದ ಮನೆಬಾಗಿಲಿಗೆ ಸ್ವಯಂಸೇವಕರ ಕೈಯಲ್ಲಿ ಧ್ವನಿವರ್ಧಕ, ಸೈರನ್, ಬಾವುಟ. ಕೊನೆಯ ಒಂದು ಮೈಲಿಯನ್ನು ಮನುಷ್ಯ ಓಡಿ ದಾಟುವುದೂ ಸಂಪರ್ಕ ತಂತ್ರಜ್ಞಾನವೇ.

ತಡವಾದರೆ ನಷ್ಟವಿಲ್ಲದ ಭಾರೀ ಗಾತ್ರದ ಮಾಹಿತಿಯನ್ನು ಬಸ್ಸಿನಲ್ಲಿ ಕಳಿಸಿ. ನಗೆಯಾಡುವ ಮಾತಲ್ಲ. 64 ಗಿಗಾಬೈಟ್‌ನ ಒಂದು ಮೆಮೊರಿ ಕಾರ್ಡ್ ಎರಡು ಗಂಟೆ ಬಸ್ ಪ್ರಯಾಣ ಮಾಡಿ ಹಳ್ಳಿ ತಲುಪಿದರೆ ಸೆಕೆಂಡಿಗೆ ಸುಮಾರು 71 ಮೆಗಾಬಿಟ್ ವೇಗವಾಯಿತು. ಕಾಂಬೋಡಿಯಾದ ರತನಕಿರಿ ಪ್ರಾಂತದಲ್ಲಿ 2003ರ ಸುಮಾರಿಗೆ ಮೋಟಾರ್‌ಸೈಕಲ್‌ಗಳಿಗೆ ವೈಫೈ ಪೆಟ್ಟಿಗೆ ಕಟ್ಟಿ ಶಾಲೆಯಿಂದ ಶಾಲೆಗೆ ಇ-ಮೇಲ್ ಹೊತ್ತೊಯ್ಯುತ್ತಿದ್ದರು. ಕ್ಯೂಬಾದಲ್ಲಿ ವಾರವಾರವೂ ಹಾರ್ಡ್ ಡಿಸ್ಕ್‌ಗಳಲ್ಲಿ ಸಿನಿಮಾ, ಸುದ್ದಿ, ತಂತ್ರಾಂಶಗಳ ಗಂಟು ಕೈಯಿಂದ ಕೈಗೆ ದಾಟುವ ಪದ್ಧತಿಯೇ ಬೆಳೆಯಿತು. ಶಾಲೆಗೆ ಬೇಕಿರುವುದು ವಿಕಿಪೀಡಿಯ ಮತ್ತು ಪಾಠಗಳಷ್ಟೇ ಆಗಿದ್ದರೆ ಕೀವಿಕ್ಸ್, ಕೊಲಿಬ್ರಿ ತಂತ್ರಾಂಶಗಳನ್ನು ಅಂಗೈಯಗಲದ ಕಂಪ್ಯೂಟರಿನಲ್ಲಿ ಹಾಕಿಟ್ಟರೆ ಇಂಟರ್‌ನೆಟ್ ಇಲ್ಲದೆಯೇ ಇಡೀ ತರಗತಿ ಓದಬಹುದು.

ದಟ್ಟ ಕಾಡು, ನೂರಾರು ಕಿಲೋಮೀಟರ್ ದೂರ, ಎತ್ತರದ ಜಾಗವಿಲ್ಲ ಎಂದಾದರೆ ಅಲೆ ಬಹುದೂರ ಸಾಗುವ ಹೈ ಫ್ರೀಕ್ವೆನ್ಸಿ ರೇಡಿಯೊ. ಪೆರುವಿನ ಅಮೆಜಾನ್ ಪ್ರದೇಶದ ಆರೋಗ್ಯ ಕೇಂದ್ರಗಳು ಇದನ್ನೂ, ಇದಕ್ಕಿಂತ ಹತ್ತಿರದ ದೂರಕ್ಕಾಗುವ ವಿಎಚ್‌ಎಫ್ ರೇಡಿಯೊವನ್ನೂ ನೆಚ್ಚಿ ವೈದ್ಯರ ಸಲಹೆ ಪಡೆದಿವೆ. ವೇಗ ಆಮೆಯದು, ಆದರೆ ಒಂದು ಸಾಲಿನ ಸಂದೇಶ ಜೀವ ಉಳಿಸುವಾಗ ವೇಗವನ್ನು ಯಾರು ಕೇಳುತ್ತಾರೆ? ಕೆರೆಯ ನೀರಿನ ಮಟ್ಟ, ಮಣ್ಣಿನ ತೇವದಂಥ ಚಿಕ್ಕ ಅಂಕಿಗಳಿಗಾದರೆ ಲೋರಾ ಎಂಬ, ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ಪುಟ್ಟ ರೇಡಿಯೊ ಸಾಕು. ಅದರಿಂದ ಮಾತು, ಚಿತ್ರ ನಿರೀಕ್ಷಿಸಬೇಡಿ.

ಇನ್ನು ಉಪಗ್ರಹ. ಹಳೆಯ ಭೂಸ್ಥಿರ ಉಪಗ್ರಹ, ಎಂದರೆ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಇರುವಂಥದ್ದು, 35,786 ಕಿ.ಮೀ. ಎತ್ತರದಲ್ಲಿದೆ. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡ್. ಮಾತುಕತೆಯಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಸ್ಟಾರ್‌ಲಿಂಕ್‌ನಂಥವು ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುವುದರಿಂದ ಆ ತೊಂದರೆ ಬಹುತೇಕ ನೀಗಿದೆ. ರಸ್ತೆಯೂ ಇಲ್ಲದ ಊರಿಗೆ ಒಂದು ದಿನದಲ್ಲಿ ಸಂಪರ್ಕ ಕೊಡಬಲ್ಲದ್ದು ಇದೊಂದೇ, ಅದರಲ್ಲಿ ಸಂಶಯವಿಲ್ಲ. ಆದರೆ ಎರಡು ಮಾತು ನೆನಪಿರಲಿ. ಸಾಮಾನ್ಯ ಅಳತೆಯ ಅಂಥ ತಟ್ಟೆ 50ರಿಂದ 100 ವ್ಯಾಟ್ ವಿದ್ಯುತ್ ನುಂಗುತ್ತದೆ. ಮತ್ತು ಬೆಲೆ, ನಿಯಮ, ಸೇವೆ ಎಲ್ಲವೂ ದೂರದ ಒಂದು ಕಂಪನಿಯ ಕೈಯಲ್ಲಿ. ಗೂಗಲ್‌ನ ಮಾತೃಸಂಸ್ಥೆಯ ಲೂನ್ ಬಲೂನುಗಳು 2020ರಲ್ಲಿ ಕೀನ್ಯಾದ ಆಕಾಶದಿಂದ ಸೇವೆ ಆರಂಭಿಸಿದವು. 2021ರ ಜನವರಿಯಲ್ಲಿ ಯೋಜನೆಯನ್ನೇ ಮುಚ್ಚುವುದಾಗಿ ಘೋಷಣೆ ಬಂತು. ಅಂಗಡಿ ಮುಚ್ಚುವಾಗ ಊರಿನವರ ಅಪ್ಪಣೆ ಯಾರೂ ಕೇಳುವುದಿಲ್ಲ.

ಕಂಪನಿಗಳು ಲಾಭವಿಲ್ಲವೆಂದು ಬಾರದಿದ್ದಾಗ ಊರೇ ಮೊಬೈಲ್ ಜಾಲ ಕಟ್ಟಿದ್ದೂ ಉಂಟು. ಮೆಕ್ಸಿಕೋದ ಓಹಾಕ ರಾಜ್ಯದ ಬೆಟ್ಟದ ಹಳ್ಳಿ ತಲೇಯಾ ದೆ ಕಾಸ್ತ್ರೋ 2013ರಲ್ಲಿ ಮುಕ್ತ ತಂತ್ರಾಂಶದ ನೆರವಿನಿಂದ ತನ್ನದೇ ಜಿಎಸ್‌ಎಂ (ಸಾದಾ ಮೊಬೈಲ್ ಕರೆಯ) ಕೇಂದ್ರ ನಡೆಸಿತು. ಜನರ ಹಳೆಯ ಫೋನುಗಳೇ ಅದರಲ್ಲಿ ಕೆಲಸ ಮಾಡಿದವು. 2016ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಮೂಲನಿವಾಸಿ ಸಮುದಾಯಗಳ ಸಂಘಕ್ಕೆ ಪರವಾನಗಿಯನ್ನೂ ಕೊಟ್ಟಿತು.

ಹೆಜ್ಜೆ 4: ದೂರದ ವೈಫೈ ಆದರೆ, ಮೊದಲು ಕಣ್ಣಳತೆ

ಹತ್ತಾರು ಕಿಲೋಮೀಟರ್ ದೂರಕ್ಕೆ ಕಡಿಮೆ ಖರ್ಚಿನಲ್ಲಿ ಇಂಟರ್‌ನೆಟ್ ಒಯ್ಯಲು ನನ್ನ ಮೊದಲ ಆಯ್ಕೆ ದಿಕ್ಕು ಹಿಡಿದು ನಿಲ್ಲಿಸಿದ ವೈಫೈ ಆಂಟೆನಾಗಳು. ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಊರಿನ ಹುಡುಗ ಹುಡುಗಿಯರು ಕಲಿಯಬಲ್ಲರು. ನೇಪಾಳದ ಮ್ಯಾಗ್ದಿ ಜಿಲ್ಲೆಯ ನಾಂಗಿ ಗ್ರಾಮದಲ್ಲಿ ಮಹಾಬೀರ್ ಪುನ್ 2002ರ ಸುಮಾರಿಗೆ ಹೀಗೆಯೇ ಶುರು ಮಾಡಿದರು. ಮರುಪ್ರಸಾರದ ಆಂಟೆನಾಗಳನ್ನು ಮರಕ್ಕೆ ಕಟ್ಟಿದ ದಿನಗಳವು. 2007ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ವೆನೆಜುವೆಲಾದಲ್ಲಿ ಎರಡು ಪರ್ವತಗಳ ನಡುವೆ 382 ಕಿ.ಮೀ. ದೂರಕ್ಕೆ ವೈಫೈ ಹಾಯಿಸಿ ತೋರಿಸಿದವರು ಎರ್ಮಾನೊ ಪಿಯೆತ್ರೊಸೆಮೊಲಿ. ನಿಮಗೆ ಅಷ್ಟು ಬೇಕಾಗಿಲ್ಲ.

ಬೇಕಾದದ್ದು ಎರಡು ತುದಿಗಳ ನಡುವೆ ಅಡ್ಡಿಯಿಲ್ಲದ ನೋಟ. ಬಿಸಿಲಿರುವಾಗ ಒಬ್ಬರು ಆ ಗುಡ್ಡದ ಮೇಲೆ ಕನ್ನಡಿ ಹಿಡಿದು ಬೆಳಕು ಹೊಳೆಯಿಸಲಿ, ಇನ್ನೊಬ್ಬರು ಈ ಚಾವಣಿಯಿಂದ ನೋಡಲಿ. ಹೊಳಪು ಕಂಡರೆ ಅರ್ಧ ಪರೀಕ್ಷೆ ಮುಗಿಯಿತು. ಉಳಿದರ್ಧದಲ್ಲಿಯೇ ಹೊಸಬರು ಎಡವುವುದು. ರೇಡಿಯೊ ಅಲೆ ದಾರದಂತೆ ನೇರ ಹೋಗುವುದಿಲ್ಲ. ಎರಡು ತುದಿಗಳಲ್ಲಿ ಸಪೂರ, ನಡುವೆ ಉಬ್ಬಿದ ಸೌತೆಕಾಯಿಯ ಆಕಾರದ ಜಾಗ ಅದಕ್ಕೆ ಬೇಕು. ಫ್ರೆನೆಲ್ ವಲಯ ಎನ್ನುವುದು ಇದನ್ನೇ. 2.4 ಗಿಗಾಹರ್ಟ್ಸ್‌ನಲ್ಲಿ 10 ಕಿ.ಮೀ. ಕೊಂಡಿಗೆ ಈ ಸೌತೆಕಾಯಿಯ ತ್ರಿಜ್ಯ ನಡುಮಧ್ಯದಲ್ಲಿ ಸುಮಾರು 17.7 ಮೀಟರ್, ಅದರ 60 ಶೇಕಡಾ, ಎಂದರೆ ಹತ್ತಿರಹತ್ತಿರ 11 ಮೀಟರ್, ನೋಟದ ಗೆರೆಯ ಕೆಳಗೆ ಖಾಲಿ ಇರಬೇಕು. ಮರದ ತುದಿ ಗೆರೆಗೆ ತಾಗದಿದ್ದರೂ 5 ಮೀಟರ್ ಕೆಳಗಿದ್ದರೆ ಸಂಪರ್ಕ ಸೊರಗುತ್ತದೆ. ದೂರ 50 ಕಿ.ಮೀ. ಆದರೆ ಭೂಮಿಯ ಉಬ್ಬು ಕೂಡ ಅಡ್ಡ ಬರುತ್ತದೆ: ನಡುವೆ ಸುಮಾರು 37 ಮೀಟರ್. ಅಷ್ಟೆತ್ತರದ ಕಂಬ ಕಟ್ಟುವುದಕ್ಕಿಂತ ಗುಡ್ಡ ಹುಡುಕುವುದು ಲೇಸು.

ಎಲೆ ಉದುರಿದ ಕಾಲದಲ್ಲಿ ಅಳತೆ ಮಾಡಿ ಮರುಳಾಗಬೇಡಿ. ಚಿಗುರಿ, ಮಳೆಯಲ್ಲಿ ನೆನೆದ ಮರ ಅಲೆಯನ್ನು ಹೀರುತ್ತದೆ. ಮರ ಬೆಳೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಸಣ್ಣ ಸಂಗತಿ ವಾರಗಟ್ಟಲೆ ತಲೆ ತಿನ್ನುತ್ತದೆ. ವೈಫೈ ಸಾಧನ ಮಾಹಿತಿಯ ಪ್ರತಿ ತುಣುಕನ್ನು, ಎಂದರೆ ಪೊಟ್ಟಣವನ್ನು, ಕಳಿಸಿದ ಮೇಲೂ "ಬಂತು" ಎಂಬ ಮರುದನಿಗಾಗಿ ತುಸು ಕಾಯುತ್ತದೆ. ಆ ಕಾಯುವಿಕೆ ಮನೆಯೊಳಗಿನ ದೂರಕ್ಕೆ ಹೊಂದಿಸಿದ್ದು. 50 ಕಿ.ಮೀ. ದಾಟಲು ಅಲೆಗೆ 167 ಮೈಕ್ರೊಸೆಕೆಂಡ್ ಬೇಕು, ಮರುದನಿಗೆ ಮತ್ತೆ ಅಷ್ಟೇ. ಸಾಧನ ಕಾದು ಬೇಸತ್ತು ಅದೇ ಪೊಟ್ಟಣವನ್ನು ಮತ್ತೆ ಮತ್ತೆ ಕಳಿಸುತ್ತದೆ. ಸಿಗ್ನಲ್ ಪೂರ್ತಿ ತೋರಿಸುತ್ತಿದ್ದೂ ವೇಗವಿಲ್ಲದಿದ್ದರೆ ದೂರವನ್ನು ನಮೂದಿಸುವ ಸೆಟ್ಟಿಂಗ್ ಸರಿಯಿದೆಯೇ ಎಂದು ಮೊದಲು ನೋಡಿ.

ಹೆಜ್ಜೆ 5: ವಿದ್ಯುತ್ತಿನ ಲೆಕ್ಕ

ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆ ಹಳ್ಳಿಯ ದೃಷ್ಟಿ ಕೇಂದ್ರಗಳನ್ನು ದೂರದ ವೈಫೈನಿಂದ ವೈದ್ಯರಿಗೆ ಜೋಡಿಸಿದಾಗ, ಅದನ್ನು ಕಟ್ಟಿದ ಅಮೆರಿಕದ ಬರ್ಕಲಿ ವಿಶ್ವವಿದ್ಯಾಲಯದ ಸಂಶೋಧಕರು ಕಲಿತ ಪಾಠವಿದು: ಕೆಡುವುದಕ್ಕೆ ರೇಡಿಯೊಗಿಂತ ದೊಡ್ಡ ಕಾರಣ ಕಳಪೆ ವಿದ್ಯುತ್. ಏರಿಳಿಯುವ ವೋಲ್ಟೇಜ್ ಅಡಾಪ್ಟರ್‌ಗಳನ್ನು ಸುಡುತ್ತದೆ, ಅರ್ಧಕ್ಕೆ ನಿಂತ ವಿದ್ಯುತ್ ರೂಟರಿನ ನೆನಪನ್ನು ಕೆಡಿಸುತ್ತದೆ.

ಗುಡ್ಡದ ಮೇಲೆ ಸೌರವಿದ್ಯುತ್ತಿನಿಂದ ನಡೆಯುವ ಎರಡು ರೇಡಿಯೊ, ಒಂದು ಸ್ವಿಚ್ ಸೇರಿ 20 ವ್ಯಾಟ್ ಎಂದುಕೊಳ್ಳಿ. ದಿನಕ್ಕೆ 24 ಗಂಟೆಯಾದರೆ 480 ವ್ಯಾಟ್-ಗಂಟೆ. ಮೂರು ದಿನ ಮೋಡ ಕವಿದರೂ ನಡೆಯಬೇಕು: 1,440. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಮೊಟಕು, ಹಾಗಾಗಿ ದುಪ್ಪಟ್ಟು ಇಡಿ: 2,880 ವ್ಯಾಟ್-ಗಂಟೆ, ಅಂದರೆ 12 ವೋಲ್ಟಿನಲ್ಲಿ 240 ಆಂಪಿಯರ್-ಗಂಟೆ. ಕೆಟ್ಟ ತಿಂಗಳಲ್ಲಿ ದಿನಕ್ಕೆ 4 ಗಂಟೆ ಒಳ್ಳೆಯ ಬಿಸಿಲು, ಅದರಲ್ಲಿ 30 ಶೇಕಡಾ ಸೋರಿಕೆ ಎಂದು ಹಿಡಿದರೆ ಸೌರ ಫಲಕ 171 ವ್ಯಾಟ್. 200 ವ್ಯಾಟಿನದನ್ನೇ ಕೊಳ್ಳಿ. ಈಗ ಉಪಗ್ರಹದ 75 ವ್ಯಾಟಿನ ತಟ್ಟೆಗೆ ಇದೇ ಲೆಕ್ಕ ಹಾಕಿ ನೋಡಿ. ಎಲ್ಲವೂ ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ.

ಹೆಚ್ಚುವರಿ ಬಿಸಿಲನ್ನು ವ್ಯರ್ಥ ಮಾಡಬೇಡಿ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ನ ಮಾಂಕೋಸಿಯಲ್ಲಿ ಜೆಂಜೆಲೇನಿ ಸಹಕಾರಿ ಜಾಲದವರು ಸೌರ ಕೇಂದ್ರಗಳಲ್ಲಿ ಊರಿನವರ ಫೋನುಗಳನ್ನು ಚಾರ್ಜ್ ಮಾಡಿಕೊಟ್ಟು ಆರಂಭದ ಆದಾಯ ಗಳಿಸಿದರು. ಜನ ಇಂಟರ್‌ನೆಟ್‌ಗೆ ಹಣ ಕೊಡುವ ಮೊದಲು ಚಾರ್ಜಿಗೆ ಕೊಟ್ಟರು.

ಸಿಡಿಲಿನ ವಿಷಯದಲ್ಲಿ ಜಿಪುಣತನ ಬೇಡ: ಕಂಬಕ್ಕೆ ಅರ್ಥಿಂಗ್, ಕೇಬಲ್ ಒಳಬರುವಲ್ಲಿ ಥಟ್ಟನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ತಡೆ. ಪೆಟ್ಟಿಗೆಗೆ ಕೇಬಲ್ ಕೆಳಗಿನಿಂದ ಬರಲಿ, ಒಳಹೋಗುವ ಮುನ್ನ ಒಂದು ಜೋಲು ಕೊಡಿ. ಮಳೆನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ಕಣಜ, ಇರುವೆ, ಇಲಿ ಮೂರಕ್ಕೂ ಬೆಚ್ಚಗಿನ ಪೆಟ್ಟಿಗೆ ಎಂದರೆ ಪ್ರೀತಿ. ರಂಧ್ರಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ.

ಹೆಜ್ಜೆ 6: ಪರವಾನಗಿ

ಕೊಳ್ಳುವ ಮುನ್ನ ನಿಮ್ಮ ದೇಶದ ದೂರಸಂಪರ್ಕ ನಿಯಂತ್ರಣ ಸಂಸ್ಥೆಯ ನಿಯಮ ಓದಿ. 2.4 ಮತ್ತು 5 ಗಿಗಾಹರ್ಟ್ಸ್ ಹಲವು ದೇಶಗಳಲ್ಲಿ ಪರವಾನಗಿ ಇಲ್ಲದೆ ಸಿಗುತ್ತವೆ, ಆದರೆ ಶಕ್ತಿಯ ಮಿತಿ ಒಂದೊಂದು ಕಡೆ ಒಂದೊಂದು. ಲೋರಾದ ತರಂಗಾಂತರವಂತೂ ಖಂಡದಿಂದ ಖಂಡಕ್ಕೆ ಬೇರೆ. ಎಫ್‌ಎಂ, ಜಿಎಸ್‌ಎಂ, ಹೈ ಫ್ರೀಕ್ವೆನ್ಸಿಗೆ ಅನುಮತಿ ಬೇಕೇ ಬೇಕು, ಅದು ತಿಂಗಳುಗಟ್ಟಲೆ ಹಿಡಿಯಬಹುದು. ಇಂಟರ್‌ನೆಟ್ಟನ್ನು ನೆರೆಯವರಿಗೆ ಹಂಚಿ ಹಣ ಪಡೆಯುವುದಕ್ಕೂ ಬೇರೆಯೇ ಪರವಾನಗಿ ಇರುವುದುಂಟು.

ಹೆಜ್ಜೆ 7: ಐದು ವರ್ಷದ ಖರ್ಚು

ದಾನಿಗಳು ಯಂತ್ರಕ್ಕೆ ಹಣ ಕೊಡುತ್ತಾರೆ, ಬ್ಯಾಟರಿಗೆ ಕೊಡುವುದಿಲ್ಲ. ಸೀಸ-ಆಮ್ಲದ ಬ್ಯಾಟರಿಯನ್ನು ಐದು ವರ್ಷದಲ್ಲಿ ಒಮ್ಮೆಯಾದರೂ ಬದಲಿಸಬೇಕು. ಬ್ಯಾಂಡ್‌ವಿಡ್ತ್ ಬಾಡಿಗೆ, ಪರವಾನಗಿ ಶುಲ್ಕ, ಬಿಡಿ ರೇಡಿಯೊ ಒಂದು, ಗುಡ್ಡಕ್ಕೆ ಹೋಗಿಬರುವ ಖರ್ಚು, ನೋಡಿಕೊಳ್ಳುವವರ ಸಂಬಳ ಎಲ್ಲವನ್ನೂ ಬರೆಯಿರಿ. ಸೇವಾಭಾವದಿಂದ ಕಂಬ ಹತ್ತುವವರು ಎರಡು ಬಾರಿ ಹತ್ತುತ್ತಾರೆ. ಮೂರನೆಯ ಬಾರಿಗೆ ಕೂಲಿ ಕೊಡಬೇಕು.

ಆದಾಯದ ದಾರಿಯೂ ಬದಲಾಗುತ್ತಿರುತ್ತದೆ. ಬಾಂಗ್ಲಾದೇಶದಲ್ಲಿ 1997ರಲ್ಲಿ ಶುರುವಾದ ಗ್ರಾಮೀಣ ವಿಲೇಜ್ ಫೋನ್ ಯೋಜನೆಯಲ್ಲಿ ಹೆಂಗಸರು ಸಾಲ ಪಡೆದು ಮೊಬೈಲ್ ಕೊಂಡು ಊರಿನವರಿಗೆ ಕರೆ ಮಾರುತ್ತಿದ್ದರು. ಕೆಲವು ವರ್ಷ ಒಳ್ಳೆಯ ಸಂಪಾದನೆ. ಆಮೇಲೆ ಮನೆಮನೆಗೂ ಅಗ್ಗದ ಫೋನ್ ಬಂತು, ವ್ಯಾಪಾರ ಕುಸಿಯಿತು. ಯೋಜನೆ ಸೋತಿತೆಂದು ನಾನು ಹೇಳುವುದಿಲ್ಲ; ಆದರೆ ಹತ್ತು ವರ್ಷದ ಸಾಲವನ್ನು ಮೂರು ವರ್ಷದ ತಂತ್ರಜ್ಞಾನದ ಮೇಲೆ ಹೊರಿಸಬೇಡಿ.

ಹೆಜ್ಜೆ 8: ಒಂದೇ ಕೊಂಡಿ, ಮೂರು ತಿಂಗಳು

ಹತ್ತು ಹಳ್ಳಿಗೆ ಒಟ್ಟಿಗೆ ಕಟ್ಟಬೇಡಿ. ಒಂದು ಕೊಂಡಿ ಕಟ್ಟಿ, ಸಾಧ್ಯವಾದರೆ ಮಳೆಗಾಲಕ್ಕೆ ಸ್ವಲ್ಪ ಮುಂಚೆ. ಊರಿನ ಇಬ್ಬರಿಗಾದರೂ ಕಲಿಸಿ, ಅವರಲ್ಲಿ ಒಬ್ಬರು ಊರು ಬಿಟ್ಟು ಹೋಗುವ ಸಂಭವ ಕಡಿಮೆ ಇರುವವರಾಗಿರಲಿ. ಚುರುಕಾಗಿ ಕಲಿತ ತರುಣರಿಗೆ ಪಟ್ಟಣದಲ್ಲಿ ಕೆಲಸ ಸಿಗುತ್ತದೆ. ಸಿಗಲಿ, ಅದು ಒಳ್ಳೆಯದೇ. ಆದರೆ ನಿಮ್ಮ ರೂಟರಿನ ಪಾಸ್‌ವರ್ಡ್ ಅವರ ಜೊತೆ ಹೋಗದಿರಲಿ. ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಜಾಲದ ಚಿತ್ರ ಅಂಟಿಸಿ, ಕೇಬಲ್‌ಗಳಿಗೆ ಬಣ್ಣದ ಪಟ್ಟಿ ಸುತ್ತಿ, ಹೆಸರುಗಳನ್ನು ಊರಿನ ಭಾಷೆಯಲ್ಲೇ ಬರೆಯಿರಿ.

ಎರಡನೆಯ ತಿಂಗಳಲ್ಲಿ ಹೊರಗಿನ ತಂಡದವರು ದೂರ ಇರಿ. ಫೋನಿನಲ್ಲೂ ಸಲಹೆ ಬೇಡ. ಒಂದು ದಿನ ಹೇಳದೆ ಕೇಳದೆ ಒಂದು ಕೇಬಲ್ ಕಳಚಿ ನೋಡಿ. ಸಂಪರ್ಕ ಮರಳಲು ಎಷ್ಟು ಗಂಟೆ ಹಿಡಿಯಿತು, ಯಾರು ಸರಿಪಡಿಸಿದರು ಎಂಬುದು ನಿಮಗೆ ಬೇಕಾದ ಉತ್ತರ.

ಪೆಟ್ಟಿಗೆಯ ಬಳಿ ದಾರ ಕಟ್ಟಿದ ಪೆನ್ನಿನೊಂದಿಗೆ ಒಂದು ನೋಟ್‌ಪುಸ್ತಕ ತೂಗುಹಾಕಿ. ದಿನಾಂಕ, ಏನು ಕೆಟ್ಟಿತು, ಏನು ಮಾಡಿದೆವು, ಯಾರು ಮಾಡಿದರು. ಮೂರು ತಿಂಗಳ ಕೊನೆಗೆ ಪುಟ ತಿರುವಿ ನೋಡಿ. ಎಲ್ಲವೂ ಒಬ್ಬರದೇ ಕೈಬರಹವಾಗಿದ್ದರೆ ಎರಡನೆಯ ಕೊಂಡಿಗೆ ಸಾಮಾನು ತರಿಸಬೇಡಿ; ಮೊದಲು ಇನ್ನೊಬ್ಬರಿಗೆ ಕಂಬ ಹತ್ತಲು ಕಲಿಸಿ.